ಟೋಪಿ ಹಾಕಿದ ಒಂದು

ಮ್ಯಾಲಕಿಯ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹೊರಡುತ್ತಿರಲಿಲ್ಲ. ಅದು ಅವನೊಬ್ಬನ ತಪ್ಪೂ ಅಲ್ಲ. ಐರ್ಲೆಂಡಿನ ನಮ್ಮ ಹಳೆಯ ಭಾಷೆಯಲ್ಲಿ ಹಾಗೆನ್ನಲು ಒಂದು ಪದವೇ ಇಲ್ಲ. ಕ್ಲೇರ್ ಕಡಲತೀರದ ನಮ್ಮೂರವರು ಆ ಭಾಷೆಯನ್ನು ಎಂದೋ ಮರೆತರು, ಅದರ ಈ ಕೊರತೆಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು. ಚುನಾವಣೆ ಬಂತೆಂದರೆ ಬಾಗಿಲಿಗೆ ಬಂದವರಿಗೆಲ್ಲ “ನಂಬರ್ ಒನ್ ಮತ ನಿಮಗೇ” ಎಂದು ನಗುನಗುತ್ತಾ ಕಳಿಸುತ್ತಾರೆ.

ಈ ಸಲದ ಕೌಂಟಿ ಕೌನ್ಸಿಲ್ ಚುನಾವಣೆಯಲ್ಲಿ ಮ್ಯಾಲಕಿ ಆ ಮಾತನ್ನು ಇಬ್ಬರಿಗೆ ಕೊಟ್ಟು ಸಿಕ್ಕಿಬಿದ್ದಿದ್ದ. ಒಬ್ಬ ಫಿನ್‌ಬಾರ್, ಹೆಂಡತಿ ಡೀಲಿಯಾಳ ಅಣ್ಣ. ಅವರ ಮನೆತನದವರು ಅಜ್ಜನ ಕಾಲದಿಂದ ಒಂದೇ ಪಕ್ಷದವರು. ಆ ಪಕ್ಷಕ್ಕೂ ಎದುರು ಪಕ್ಷಕ್ಕೂ ಏನು ವ್ಯತ್ಯಾಸ ಎಂದು ಮ್ಯಾಲಕಿ ಮದುವೆಯಾದ ವರ್ಷ ಮಾವನನ್ನು ಕೇಳಿದ್ದ. ಮಾವ ಬಹಳ ಹೊತ್ತು ಯೋಚಿಸಿ, “ಅವರು ಅವರೇ, ನಾವು ನಾವೇ” ಎಂದಿದ್ದರು. ಅದಕ್ಕಿಂತ ಸ್ಪಷ್ಟವಾದ ಉತ್ತರ ಅವನಿಗೆ ಇವತ್ತಿಗೂ ಸಿಕ್ಕಿಲ್ಲ.

ಇನ್ನೊಬ್ಬ ಜಾರ್ಲತ್. ಊರಿನ ಚಿಕಿತ್ಸಾಲಯ ಮುಚ್ಚುತ್ತಾರೆಂಬ ಸಿಟ್ಟಿಗೆ ಯಾವ ಪಕ್ಷವೂ ಇಲ್ಲದೆ ನಿಂತವನು. ಕ್ಯೂಸಾಕನ ಪಬ್ಬಿನಲ್ಲಿ ಭಾನುವಾರ ಸಂಜೆಯ ಇಸ್ಪೀಟಿಗೆ ಅವನೂ ಮ್ಯಾಲಕಿಯೂ ತಲೆ ಕಪ್ಪಗಿದ್ದಾಗಿನಿಂದ ಜೋಡಿ. ಗೆದ್ದ ಆಟದ ಲೆಕ್ಕವನ್ನು ಬಿಯರ್ ಗ್ಲಾಸಿನ ಕೆಳಗಿಡುವ ರಟ್ಟಿನ ಮೇಲೆ ಬರೆಯುವುದು ಮ್ಯಾಲಕಿಯ ಕೆಲಸ. ಅವನು ‘1’ ಬರೆದರೆ ತಲೆಗೊಂದು ಗೆರೆ, ಕಾಲಿಗೊಂದು ಉದ್ದ ಗೆರೆ ಎಳೆಯದೆ ಬಿಡುತ್ತಿರಲಿಲ್ಲ.

“ನೋಡ್ರೋ, ಮತ್ತೆ ಟೋಪಿ ಹಾಕ್ಕೊಂಡು ಬೂಟು ಮೆಟ್ಕೊಂಡು ಚರ್ಚಿಗೆ ಹೊರಟ!” ಎಂದು ಜಾರ್ಲತ್ ಪ್ರತಿ ಸಲವೂ ನಗುತ್ತಿದ್ದ.

“ನಂಬರ್ ಒನ್ ನಂಗೇ ತಾನೇ?” ಎಂದು ಅವನು ಕೇಳಿದಾಗ ಮ್ಯಾಲಕಿ, “ಕೇಳೋ ಮಾತೇನೋ ಅದು!” ಎಂದಿದ್ದ. ಮರುದಿನ ಫಿನ್‌ಬಾರ್ ಮನೆಗೆ ಬಂದು ಕುರಿಮಾಂಸದ ಊಟ ಹೊಡೆದು, “ಭಾವ, ನಿಂದು ಲೆಕ್ಕಕ್ಕೆ ಹಾಕ್ಕೊಂಡಾಯ್ತು” ಎಂದ. ಮ್ಯಾಲಕಿ ಡೀಲಿಯಾಳ ಮುಖ ನೋಡಿದ. ಅವಳು ತಟ್ಟೆ ಎತ್ತುತ್ತಿದ್ದಳು. “ಹಾಕ್ಕೋ” ಎಂದುಬಿಟ್ಟ.

ಮತದಾನದ ದಿನ ಶಾಲೆಯ ಮೂಲೆಯಲ್ಲಿ, ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದು ನಿಂತಾಗ ಅವನ ತಲೆ ಗೊಂದಲದ ಗೂಡಾಗಿತ್ತು. ನಮ್ಮಲ್ಲಿ ಮೆಚ್ಚಿನವರಿಗೆ ಒಂದು, ಆಮೇಲಿನವರಿಗೆ ಎರಡು ಎಂದು ಅಂಕಿ ಬರೆಯಬೇಕು. ಜಾರ್ಲತ್‌ನ ಹೆಸರಿನ ಮುಂದೆ ಧೈರ್ಯವಾಗಿ ಒಂದು ಬರೆದ. ಫಿನ್‌ಬಾರ್‌ನ ಹೆಸರಿಗೆ ಬಂದಾಗ ಡೀಲಿಯಾಳ ನೆನಪಾಯಿತು. ಅವಳಿಗೆ ತಿಳಿದರೆ? ನಮ್ಮೂರಿನ ಪೆಟ್ಟಿಗೆಯಲ್ಲಿ ಬೀಳುವುದು ಬೆರಳೆಣಿಕೆಯ ಮತಗಳು. ಎಣಿಕೆಯ ದಿನ ಪಕ್ಷದವರು ಕಟಕಟೆಗೆ ಒರಗಿ, ಯಾವ ಮನೆಯದು ಯಾರಿಗೆ ಬಿತ್ತೆಂದು ಊಹಿಸಿಬಿಡುತ್ತಾರೆ. ಎರಡು ಬರೆಯಬೇಕೆಂದೇ ಪೆನ್ಸಿಲ್ ಇಟ್ಟ. ನೋಡಿದರೆ ಅಲ್ಲೂ ಒಂದು ನಿಂತಿತ್ತು, ಟೋಪಿ ಬೂಟು ಸಮೇತ.

ಒಂದು ಎರಡು ಕಡೆ ಬಿದ್ದರೆ ಚೀಟಿಯೇ ರದ್ದು. ಬೇರೆ ಚೀಟಿ ಕೇಳಬಹುದಿತ್ತು. ಆದರೆ ಮೇಜಿನ ಹಿಂದೆ ಕೂತಿದ್ದವಳು ಕ್ಯೂಸಾಕನ ಮಗಳು. ಮ್ಯಾಲಕಿಗೆ ಅರಳುಮರಳು ಎಂದು ಸಂಜೆಯೊಳಗೆ ಪಬ್ಬಿಡೀ ಆಡಿಕೊಳ್ಳುತ್ತಿತ್ತು. ಒಂದು ಮತದಿಂದ ಏನು ಮುಳುಗಿಹೋಗುತ್ತದೆ? ಮಡಚಿ ಪೆಟ್ಟಿಗೆಗೆ ಹಾಕಿ ಬಂದ.

ಎಣಿಕೆ ನೋಡುವುದೆಂದರೆ ನಮ್ಮವರಿಗೆ ಹರ್ಲಿಂಗ್ ಪಂದ್ಯ ನೋಡಿದಷ್ಟೇ ಖುಷಿ. ಫ್ಲಾಸ್ಕಿನಲ್ಲಿ ಚಹಾ, ಹ್ಯಾಮ್ ಇಟ್ಟ ಸ್ಯಾಂಡ್‌ವಿಚ್ ಕಟ್ಟಿಕೊಂಡು ಎಣಿಕೆ ನಡೆಯುವ ಕ್ರೀಡಾಂಗಣದ ಕಟಕಟೆಗೆ ಜೋತುಬೀಳುತ್ತಾರೆ. ಕೊನೆಯ ಸ್ಥಾನಕ್ಕೆ ಉಳಿದವರು ಇಬ್ಬರೇ, ಫಿನ್‌ಬಾರ್ ಮತ್ತು ಜಾರ್ಲತ್. ಫಿನ್‌ಬಾರ್ ಒಂದೇ ಒಂದು ಮತದಿಂದ ಮುಂದಿದ್ದ. ಮ್ಯಾಲಕಿ ಕಚ್ಚಿದ್ದ ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟ.

ಮತ್ತೆ ಎಣಿಸಿದರು. ಅನುಮಾನದ ಚೀಟಿಗಳನ್ನು ಇಬ್ಬರೂ ಅಭ್ಯರ್ಥಿಗಳ ಮುಂದೆ ಒಂದೊಂದಾಗಿ ಹಿಡಿದರು. ಒಂದು ಚೀಟಿ ಮೇಲೆದ್ದದ್ದೇ ತಡ, ಜಾರ್ಲತ್‌ನ ಪರವಾಗಿ ವಾದಿಸಲು ಬಂದಿದ್ದ ವಕೀಲ ಹಾರಿಬಿದ್ದ. “ಇಲ್ನೋಡಿ, ಫಿನ್‌ಬಾರ್ ಮುಂದಿನ ಅಂಕಿಗೆ ಕೆಳಗಡೆ ಹೆಂಗೆ ಗೆರೆ ಎಳೆದವ್ನೆ! ಇದು ಒಂದಲ್ಲ, ಎರಡು! ಈ ಮತ ನಮ್ದು!”

ಅದು ಸಿಕ್ಕರೆ ಇಬ್ಬರದೂ ಸಮ. ಜಾರ್ಲತ್ ಕನ್ನಡಕ ಏರಿಸಿ ನೋಡಿದ. ಆಮೇಲೆ ತಲೆಯೆತ್ತಿ ಕಟಕಟೆಯುದ್ದಕ್ಕೂ ಕಣ್ಣು ಹಾಯಿಸಿ ಮ್ಯಾಲಕಿಯ ಮೇಲೆ ನಿಲ್ಲಿಸಿದ. ಮ್ಯಾಲಕಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

“ಬಿಡು ಮಾರಾಯ,” ಜಾರ್ಲತ್ ವಕೀಲನಿಗೆ ಹೇಳಿದ. “ಎರಡೂ ಒಂದೇ. ಈ ಕೈಬರಹ ನಂಗೆ ಗೊತ್ತು... ಅಂದ್ರೆ, ಇಂಥಾ ಕೈಬರಹ.”

ಚೀಟಿ ರದ್ದಾಯಿತು. ಫಿನ್‌ಬಾರ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಮನೆಗೆ ಬಂದರೆ ಡೀಲಿಯಾ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಣ್ಣ ಗೆದ್ದಿದ್ದಾನೆ, ಅಳ್ತೀಯಲ್ಲೇ?”

“ಗೆದ್ರೆ ಗೆಲ್ಲಲಿ. ನಾನು ಒಂದು ಬರ್ದಿದ್ದು ಜಾರ್ಲತ್‌ಗೆ. ಹೋದ ಚಳಿಗಾಲದ ಬಿರುಗಾಳೀಲಿ ನನ್ನ ಆಸ್ಪತ್ರೆಗೆ ಕರ್ಕೊಂಡೋದೋನು ಅವ್ನು. ಅಣ್ಣ ಅವತ್ತು ಫೋನೂ ಎತ್ತಲಿಲ್ಲ.” ಅವಳು ಮೂಗೊರೆಸಿಕೊಂಡಳು. “ನೀನಂತೂ ಜಾರ್ಲತ್‌ಗೇ ಹಾಕಿರ್ತೀಯ. ಆದ್ರೂ ಸೋತನಲ್ಲ ಪಾಪ!”

ಮ್ಯಾಲಕಿ ಒಲೆಯ ಹತ್ತಿರ ಸ್ಟೂಲು ಎಳೆದುಕೊಂಡ. ಯಾರಿಗೆ ಹೆದರಿ ಕೈ ತಪ್ಪಿತ್ತೋ ಅವಳೇ ಹೀಗೆಂದರೆ? ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳನ್ನು ಒಂದು ಮಾತು ಕೇಳಲಿಲ್ಲವಲ್ಲ! ತನ್ನ ಮೇಲೆ ತನಗೇ ಅಸಹ್ಯವಾಯಿತು. “ಹೂಂ” ಎಂದು ಸ್ಟೂಲಿನ ಮೇಲೆ ಕುಸಿದ.

ಭಾನುವಾರ ಸಂಜೆ ಪಬ್ಬಿಗೆ ಹೋಗುವುದೋ ಬೇಡವೋ ಎಂದು ರಸ್ತೆಯಲ್ಲೇ ಎರಡು ಸಲ ಹಿಂದಿರುಗಿದ. ಹೋಗದಿದ್ದರೆ ಕಳ್ಳನೆಂದು ಒಪ್ಪಿಕೊಂಡ ಹಾಗೆ, ಹೋದರೆ ಯಾವ ಮುಖ ಹೊತ್ತು? ಕೊನೆಗೆ ಕಾಲುಗಳೇ ಒಳಗೆ ಕರೆದೊಯ್ದವು. ಜಾರ್ಲತ್ ಎಂದಿನ ಜಾಗದಲ್ಲಿದ್ದ. ಎದುರಿನ ಕುರ್ಚಿ ಖಾಲಿ ಇತ್ತು. ಅವನು ಎಲೆ ಹಂಚಿದ.

ಮೊದಲ ಆಟ ಅವರೇ ಗೆದ್ದರು. ಅಷ್ಟರಲ್ಲಿ ಫಿನ್‌ಬಾರ್ ಗ್ಲಾಸು ಹಿಡಿದು ಬಂದು ಮ್ಯಾಲಕಿಯ ಬೆನ್ನ ಹಿಂದೆಯೇ ನಿಂತ. “ಎರಡು ಒಂದು ಬರ್ದ ಆ ಪೆದ್ದ ಯಾರೋ, ಸಿಕ್ರೆ ಒಂದು ಪೈಂಟ್ ಬಿಯರ್ ಕುಡಿಸ್ಬೇಕು! ಬೂಟು ಹಾಕಿದ ಹಂಗಿತ್ತು ಆ ಒಂದು. ಎಲ್ಲಿ ಕಂಡ್ರೂ ಗುರುತು ಹಿಡೀತೀನಿ.”

ಮ್ಯಾಲಕಿಯ ಕೈ ಅಭ್ಯಾಸಬಲದಿಂದ ಪೆನ್ಸಿಲ್ ಎತ್ತಿ ರಟ್ಟಿನ ಮೇಲೆ ಇಟ್ಟಾಗಿತ್ತು. ಜಾರ್ಲತ್ ಕೈ ಚಾಚಿ ಅದನ್ನು ಕಿತ್ತುಕೊಂಡ.

“ಕೊಡಿಲ್ಲಿ. ಇವತ್ತು ನಾನು ಬರೀತೀನಿ.”

ಒಂದು ಬೋಳು ಗೆರೆ ಎಳೆದು, ರಟ್ಟನ್ನು ಗೆಳೆಯನ ಮುಂದಕ್ಕೆ ತಳ್ಳಿದ. ಕಾಪಾಡಿದನೋ, ಮುಖಕ್ಕೆ ಹೊಡೆದನೋ? ಮ್ಯಾಲಕಿ ಆ ಮುಖದಲ್ಲಿ ಹುಡುಕಿದ, ತಿಳಿಯಲಿಲ್ಲ.

“ನೋಡಿ ಕಲಿ,” ಎಂದ ಜಾರ್ಲತ್ ಎಲೆ ಕಲಸುತ್ತಾ. “ಯಾರಿಗೂ ಟೋಪಿ ಹಾಕ್ದೆ ಒಂದು ಬರಿಯೋದು ಹಿಂಗೆ.”