ಕೊಂಡಿಗೆ ಬೇಕಿದ್ದ ಭಾರ

ಪಿಕಪ್ ಆರಿಸುವಾಗ ನಾನು ಮಾಡದ ವಿಚಾರಣೆಯಿಲ್ಲ. ಹಗಲೆಲ್ಲ ಶಾಲಾ ವ್ಯಾನ್ ಓಡಿಸುವವಳಿಗೆ ಗಾಡಿ ಹೊಸದಲ್ಲ. ದೋಣಿ ಎಳೆಯುವುದು ಹೊಸದು. ನಂಜನಗೂಡಿನಲ್ಲಿ ನೋಡಿದ ಎರಡು ಪಿಕಪ್ಪುಗಳಲ್ಲಿ ಚಿಕ್ಕದೂ ದೋಣಿಯನ್ನು ಸಲೀಸಾಗಿ ಎಳೆಯುತ್ತಿತ್ತು. ಆದರೆ ಕಷ್ಟ ಎಳೆಯುವುದರಲ್ಲಿಲ್ಲ, ನಿಲ್ಲಿಸುವುದರಲ್ಲಿದೆ. ಹಿಂದಿನಿಂದ ತಳ್ಳಿಕೊಂಡು ಬರುವ ಭಾರವನ್ನು ತಡೆಯುವ ಮೈ ಬೇಕು ಎಂದು ದೊಡ್ಡದನ್ನೇ ಹಿಡಿದೆ. ಬ್ರೇಕ್, ಟೈರು, ಹಿಂದಿನ ಕೊಂಡಿ, ಎಲ್ಲವನ್ನೂ ಬಗ್ಗಿ ನೋಡಿದೆ.

ತಿ. ನರಸೀಪುರದ ಸಂಗಮದಲ್ಲಿ ಜನರನ್ನು ಸುತ್ತಾಡಿಸಲು ನನ್ನ ಗಂಡ ಕಾಂತರಾಜು ಫೈಬರ್ ದೋಣಿಯೊಂದನ್ನು ಗೊತ್ತುಮಾಡಿ, ಅಲ್ಲೇ ಕಾಯುತ್ತಿದ್ದರು. ನಂಜನಗೂಡಿನಿಂದ ಅದನ್ನು ಟ್ರೇಲರ್ ಮೇಲೆ ತರುವುದು ನನ್ನ ಪಾಲಿನ ಕೆಲಸ. ಜೊತೆಗೆ ಮಾವ ದೊಡ್ಡಸಿದ್ದಯ್ಯ, ಮಗಳು ಮಧುಶ್ರೀ.

ಮಾವ ನಲವತ್ತು ವರ್ಷ ಎತ್ತಿನ ಗಾಡಿ ಹೊಡೆದವರು. ಟ್ರೇಲರಿನ ಮೂತಿ ಪಿಕಪ್ಪಿನ ಕೊಂಡಿಯ ಮೇಲೆ ಒತ್ತಿ ಕೂತದ್ದು ಕಂಡು ಮುಖ ಕಿವುಚಿದರು.

“ಮುಂದ್ಕೆ ಭಾರ ಬಿದ್ದದೆ ಕಣವ್ವ. ಎತ್ಗೊಳ್ ಕತ್ತು ಮುರ್ದೋಯ್ತದೆ.”

“ಇಲ್ಲಿ ಎತ್ತು ಎಲ್ಲವೆ ಮಾವ?”

“ಎತ್ತೋ ಎಂಜಿನ್ನೋ, ಕತ್ತು ಕತ್ತೇ. ಹಿಂದೆ ಒಬ್ರು ಕೂತ್ರೆ ನೊಗ ಅಗುರಾಯ್ತದೆ. ಮದುಸ್ರೀ, ಓಗಿ ದೋಣಿ ಹಿಂದ್ಕಡೆ ಕೂತ್ಕೊ ಮಗ. ಅಲ್ಲಾಡ್ಬ್ಯಾಡ.”

ಹುಲ್ಲಿನ ಗಾಡಿಯಲ್ಲಿ ನಾನೂ ಚಿಕ್ಕಂದಿನಲ್ಲಿ ಹಾಗೆ ಹಿಂದೆ ಕೂತವಳೇ. ಮಗಳು ಕೂತ ಮೇಲೆ ಚಿಲಕ ತೆಗೆದು ಟ್ರೇಲರಿನ ಮೂತಿಯನ್ನು ಕೈಯಿಂದ ಎತ್ತಿ ನೋಡಿದೆ. ಹೂವಿನಂತೆ ಹಗುರವಾಗಿತ್ತು. ಸರಿಯಾಯಿತು ಅಂದುಕೊಂಡು ಮತ್ತೆ ಚಿಲಕ ಹಾಕಿದೆ.

ನಲವತ್ತರ ವೇಗದಲ್ಲಿ ಸುಮ್ಮನಿತ್ತು. ನಾಲೆಯ ಸೇತುವೆ ದಾಟಿ ಇಳಿಜಾರಿನಲ್ಲಿ ಐವತ್ತು ಮುಟ್ಟಿದ್ದೇ, ಪಿಕಪ್ಪಿನ ಹಿಂಭಾಗವನ್ನು ಯಾರೋ ಹಿಡಿದು ಅಲುಗಿಸಿದಂತಾಯಿತು. ಎಡಗನ್ನಡಿಯಲ್ಲಿ ಮಗಳು ಕಂಡಳು. ಮಾಯವಾದಳು. ಬಲಗನ್ನಡಿಯಲ್ಲಿ ಕಂಡಳು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

ಠಣ್ ಎಂದು ಟ್ರೇಲರಿನ ಚಿಲಕ ಮುರಿದು, ಮೂತಿ ಕೊಂಡಿಯಿಂದ ಮೇಲಕ್ಕೆ ನೆಗೆಯಿತು.

ಆಮೇಲೆ ಮಾವನ ಕಿಟಕಿಯಾಚೆ ದೋಣಿ ನಮ್ಮನ್ನೇ ಹಿಂದಿಕ್ಕಿತು. ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ. ಹಿಂತುದಿಯಲ್ಲಿ ಮಗಳು, ಎರಡೂ ಕೈಯಲ್ಲಿ ಅಂಚು ಹಿಡಿದು, ನನ್ನನ್ನೇ ನೋಡುತ್ತ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ.

“ಲೇ ವಾಣೀ, ಮಗ ಓಯ್ತು ಕಣೇ!”

ನನ್ನ ಗಾಡಿ ನಿಂತಿತು. ದೊಡ್ಡ ಗಾಡಿ, ಒಳ್ಳೆಯ ಬ್ರೇಕು. ದೋಣಿ ನಿಲ್ಲಲಿಲ್ಲ. ನಾಟಿ ಗದ್ದೆಗೆ ನುಗ್ಗಿ, ಕೆಸರನ್ನು ಸೀಳಿ, ಬದುವಿಗೆ ಬಡಿದು ನಿಂತಿತು.

ಇಳಿದೆನೋ ಬಿದ್ದೆನೋ ತಿಳಿಯದು. ಗದ್ದೆಯ ಒಡೆಯ ಗೋವಿಂದಯ್ಯ ಆಚೆ ಬದುವಿನಿಂದ ಕೂಗಿದ: “ಏನ್ ತಾಯಿ, ಒಳೆ ಸಾಲ್ದು ಅಂತ ಗದ್ದೇಲಿ ದೋಣಿ ಬುಡ್ತಿದ್ದೀರಾ?” ಒಳಗಿದ್ದ ಹುಡುಗಿಯನ್ನು ಕಂಡವನೇ ಕುಡುಗೋಲು ಬಿಸಾಡಿ ಓಡಿಬಂದ.

ಮಗಳು ಕೂತಲ್ಲೇ ಕೂತಿದ್ದಳು. ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದೆ. ಮೊಣಕೈ ತರಚಿತ್ತು, ಅಷ್ಟೆ. ಅಂಚು ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

“ನಾನ್ ಅಲ್ಲಾಡ್ಲಿಲ್ಲ ಕಣಮ್ಮ,” ಅಂದಳು. “ತಾತ ಹೇಳ್ದಂಗೇ ಕೂತಿದ್ದೆ. ಸತ್ಯವಾಗ್ಲೂ.”

ಗೋವಿಂದಯ್ಯ ಮುರಿದ ಚಿಲಕ ನೋಡಿದ, ಮಗಳನ್ನು ನೋಡಿದ. “ಹಿಂದ್ಕೆ ಕೂರ್ಸಿದ್ರಾ? ಟ್ರಾಕ್ಟ್ರಿಗೆ ಕಬ್ಬು ತುಂಬೋವಾಗ ನಾವು ಮುಂದ್ಕೇ ಅಲ್ವಾ ಒತ್ತೋದು? ಕೊಂಡಿ ಮೇಲೆ ಭಾರ ಇರ್ಬೇಕು ಕಣಮ್ಮ. ಇಲ್ದಿದ್ರೆ ಬಾಲ ಅಲ್ಲಾಡ್ಸಿ ಎತ್ತಿ ಒಗೀತದೆ.”

ಮಾವ ಬದುವಿನ ಮೇಲೆ ಕುಸಿದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

ಮಗಳು ಪಿಕಪ್ ಹತ್ತಲಿಲ್ಲ. ನಾನೂ ಕರೆಯಲಿಲ್ಲ. ಕೀಲಿಯನ್ನು ಗೋವಿಂದಯ್ಯನ ಕೈಗಿಟ್ಟು, ಮಾವನನ್ನೂ ಎಬ್ಬಿಸಿಕೊಂಡು ಬಸ್ಸಿಗೆ ಕೈ ಅಡ್ಡ ಹಾಕಿದೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಊರಿನ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ. ಮಗಳೇ ಹೇಳಿದಳು.