ಅವಸರವಿಲ್ಲದ ಥರ್ಲೋ ಸಾಹೇಬರು

ಏಯ್, ಬೇಲಿಯಾಚೆ ನಿಂತು ನಗುತ್ತಿರುವವರೇ, ಇತ್ತ ಬನ್ನಿ! ಥರ್ಲೋ ಸಾಹೇಬರ ನಡಿಗೆಯನ್ನು ಅಣಕಿಸುವ ಮೊದಲು ಇದನ್ನಿಷ್ಟು ಕೇಳಿ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮೊಣಕೈ ಸವೆದ ಹಸಿರು ಕೋಟಿನಲ್ಲಿ, ಪ್ರತಿ ಗುಲಾಬಿ ಗಿಡದ ಕುಶಲ ವಿಚಾರಿಸುವಂತೆ ನಿಂತು ನಿಂತು ನಡೆಯುವ ಆ ಮನುಷ್ಯ ಪಿಟೀಲು ನುಡಿಸಬಲ್ಲರು, ಪಾರಸಿ ಓದಬಲ್ಲರು, ಆಶ್‌ಕಂಬ್ ಊರಿನ ಕ್ರಿಕೆಟ್ ತಂಡಕ್ಕೆ ಸ್ಪಿನ್ ಬೌಲಿಂಗ್ ಮಾಡಿ ಬಂದು ಸಂಜೆ ನಮ್ಮಮ್ಮನ ಒಲೆಯಲ್ಲಿ ಅವಳಿಗಿಂತ ಹದವಾದ ಬ್ರೆಡ್ ಸುಡಬಲ್ಲರು. ಕಳ್ಳರನ್ನು ಹುಡುಕುವುದು ಇವೆಲ್ಲದರ ನಡುವೆ ಬಿಡುವಾದಾಗ ಮಾತ್ರ.

ಕಳೆದ ಜೂನ್‌ನಲ್ಲಿ ಬಂಗಲೆಯ ಯಜಮಾನರು ನಸುಕಿನಲ್ಲಿ ತೀರಿಕೊಂಡರು. ಬೆಳಕು ಹರಿಯುವಷ್ಟರಲ್ಲಿ ಅವರ ದಿಂಬಿನಡಿಯ ಚಿನ್ನದ ಜೇಬುಗಡಿಯಾರ ಮಾಯ. ಕೋಣೆ ಗುಡಿಸಲು ಹೋಗಿದ್ದವಳು ನನ್ನಕ್ಕ ಟ್ಯಾಮ್ಸಿನ್. ಯಜಮಾನರ ಸೋದರಳಿಯ ರೂಪರ್ಟ್ ಅವಳ ಪೆಟ್ಟಿಗೆಯನ್ನು ಹೊರಗಿನ ಮೆಟ್ಟಿಲಿಗೆ ಹಾಕಿಸಿ, ಪೊಲೀಸಿನ ಟಾಡ್‌ನನ್ನು ಕರೆಸಿದ. ಕಳ್ಳಿ ಎನಿಸಿಕೊಂಡ ಕೆಲಸದವಳಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಮನೆಯ ಬಾಗಿಲು ತೆರೆಯುವುದಿಲ್ಲ.

ನಾನು ಓಡಿಹೋಗಿ ಸಾಹೇಬರನ್ನು ಕರೆತಂದೆ. ಬಂದವರು ಮೊದಲು ಕೇಳಿದ್ದು ಚಹಾ!

"ಸಾಹೇಬ್ರೆ, ನಮ್ಮಕ್ಕನ್ನ ಜೈಲಿಗೆ ಕಳಿಸ್ತಿದಾರೆ, ನಿಮಗೆ ಚಾ ಬೇಕಾ?"

"ಬೇಕು ಮಗಾ. ಹಾಲು ಸ್ವಲ್ಪ ಕಮ್ಮಿ."

ಚಹಾದ ಕಪ್ಪು ಹಿಡಿದುಕೊಂಡೇ ಮನೆಯೆಲ್ಲ ಸುತ್ತಿದರು. ಗೋಡೆಯ ಗಡಿಯಾರಗಳೆಲ್ಲ ನಿಂತಿದ್ದವು. ಸಾವಾದ ಮನೆಯಲ್ಲಿ ಗಡಿಯಾರ ಓಡಬಾರದು. ಜೇನುಗಳಿಗೆ ಸುದ್ದಿ ಮುಟ್ಟಿಸಿ ಗೂಡಿಗೆ ಕಪ್ಪು ಬಟ್ಟೆ ಕಟ್ಟದಿದ್ದರೆ ಅವು ಮನೆ ಬಿಟ್ಟು ಹಾರಿಹೋಗುತ್ತವೆ. ನಮ್ಮಲ್ಲಿ ಎಲ್ಲರೂ ನಡೆಸುವ ಪದ್ಧತಿಯಿದು.

"ಗಡಿಯಾರ ಎಲ್ಲಾ ನಿಲ್ಸಿದ್ದು ಯಾರಮ್ಮ?"

"ಅಮ್ಮಾವ್ರೇ," ಎಂದಳು ಅಕ್ಕ, ಯಜಮಾನರ ಹೆಂಡತಿಯ ಕೋಣೆಯತ್ತ ಕೈ ತೋರಿಸಿ ಕಣ್ಣೊರೆಸುತ್ತ. "ಆಮೇಲೆ ಜೇನಿಗೆ ಹೇಳೋಕೆ ಒಬ್ರೇ ತೋಟಕ್ಕೆ ಹೋದ್ರು."

"ರಾತ್ರಿ ಕೀ ಕೊಟ್ಟ ಜೇಬುಗಡಿಯಾರ... ಹಿಡಿದು ನಿಲ್ಸೋಕೆ ಅದಕ್ಕೆ ಲೋಲಕ ಇಲ್ವಲ್ಲ," ಎಂದು ಗೊಣಗುತ್ತ ಸಾಹೇಬರು ತೋಟಕ್ಕೆ ನಡೆದು, ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿ, ಒಂದೊಂದೇ ಗೂಡಿಗೆ ಕಿವಿಗೊಟ್ಟರು.

ರೂಪರ್ಟ್ ನಕ್ಕ. "ನಿದ್ದೆ ಮಾಡೋಕೆ ಬಂದ್ರಾ?"

"ಶ್! ಎಲ್ಲಾ ಒಂದೇ ಶ್ರುತೀಲಿ ಹಾಡ್ತಿವೆ. ಈ ನಾಲ್ಕನೇದು ಮಾತ್ರ ತಾಳಾನೂ ಹಾಕ್ತಿದೆ."

ಮಳೆ ತಾಗದಂತೆ ಆ ಗೂಡಿಗೆ ಹೊದಿಸಿದ್ದ ಹುಲ್ಲುಟೋಪಿಯ ಕೆಳಗೆ, ಕಪ್ಪು ಬಟ್ಟೆಯಲ್ಲಿ ಸುತ್ತಿದ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

ಅಷ್ಟರಲ್ಲಿ ಅಮ್ಮಾವ್ರೇ ಕೋಣೆಯಿಂದ ಇಳಿದು ತೋಟಕ್ಕೆ ಬಂದರು. "ಅದು ನಿಲ್ಲಲೇ ಇಲ್ಲ ಕಣಪ್ಪಾ. ಅವರು ಹೋದ್ಮೇಲೂ ಓಡ್ತಾನೇ ಇತ್ತು. ಕೇಳೋಕಾಗ್ದೆ ಇಲ್ಲಿ ತಂದಿಟ್ಟೆ. ಅಯ್ಯೋ, ಅದಕ್ಕೆ ಈ ಹುಡುಗೀನ ಹಿಡಿದ್ರಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ!"

"ಜೇನಿಗೂ ಸುದ್ದಿ ಮುಟ್ಟಿಸೋ ಮನೆ ಇದು," ಎಂದರು ಸಾಹೇಬರು, ಮಂಡಿಯ ಹುಲ್ಲು ಕೊಡವಿಕೊಳ್ಳುತ್ತ. "ಮನೆ ಯಜಮಾನಿಗೆ ಹೇಳೋದು ಮರೆತ್ಯೇನಪ್ಪಾ ರೂಪರ್ಟ್?"

ರೂಪರ್ಟ್ ಅಕ್ಕನ ಮುಂದೆ ತಲೆತಗ್ಗಿಸಿ ತಪ್ಪೊಪ್ಪಿಕೊಂಡ. ಟಾಡ್ ತನ್ನ ಪುಸ್ತಕ ಮುಚ್ಚಿ ಜೇಬಿಗಿಳಿಸಿದ.

ಇಂಥವರನ್ನು ಊರು ಸೋಮಾರಿಗಳೆನ್ನುತ್ತದೆ. ಆದರೆ ಊರೆಲ್ಲ ಓಡಾಡುವಾಗ ಒಬ್ಬರ ದುಃಖ ಎಲ್ಲಿ ಹೋಗಿ ಅಡಗಿತೆಂದು ಕಿವಿಗೊಡುವಷ್ಟು ಬಿಡುವಿರುವುದು ಇಂಥವರಿಗೇ.

ಸಂಜೆ, ಮೆಟ್ಟಿಲ ಮೇಲೆ ಅನಾಥವಾಗಿ ಬಿದ್ದಿದ್ದ ಅಕ್ಕನ ಪೆಟ್ಟಿಗೆಯನ್ನು ಸಾಹೇಬರು ನೋಡಿದರು. ಹಸಿರು ಕೋಟನ್ನು ಕಳಚಿ ನನ್ನ ಕೈಗಿತ್ತರು. ಪೆಟ್ಟಿಗೆಯನ್ನು ತಾವೇ ಹೆಗಲಿಗೇರಿಸಿ, ಆಳುಗಳ ಹಿಂಬದಿಯ ಮೆಟ್ಟಿಲು ಹತ್ತಿ, ಒಮ್ಮೆಯೂ ನಿಲ್ಲದೆ, ಅಟ್ಟದ ಮೇಲಿನ ಅವಳ ಕೋಣೆಗೆ ಮುಟ್ಟಿಸಿದರು.