ಮಣೆ ಇಲ್ಲದ ಮನೆ

ಗೌಸ್‌ಗೆ ಸಾಕಾಗಿತ್ತು. ಮೂವತ್ತೊಂದು ವರ್ಷ ಶಿಕಾರಿಪುರದ ಸುತ್ತಮುತ್ತ ವೈರಿಂಗ್ ಕೆಲಸ ಮಾಡಿ ಮಂಡಿ ಸವೆದಿದ್ದವು. ಕತ್ತೆತ್ತಿ ಫ್ಯಾನ್ ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಅದೆಲ್ಲಕ್ಕಿಂತ ಹೆಚ್ಚಾಗಿ ಬಾಯಿ ಸೋತಿತ್ತು. ಹೇಳಿದ್ದನ್ನೇ ಎಷ್ಟು ಮನೆಯಲ್ಲಿ ಎಷ್ಟು ಸಲ ಅಂತ ಹೇಳುವುದು?

ಒಂದು ಮನೆಯ ವೈರಿಂಗ್ ಯೋಗ್ಯತೆ ತಿಳಿಯೋಕೆ ಅವನಿಗೆ ಟೆಸ್ಟರ್ ಬೇಕಿರಲಿಲ್ಲ. ಅಡುಗೆಮನೆಗೆ ಒಮ್ಮೆ ಇಣುಕಿದರೆ ಆಯಿತು. ಗ್ರೈಂಡರ್ ಮುಂದೆ ಮರದ ಮಣೆ ಬಿದ್ದಿದೆಯೋ, ಕಥೆ ಮುಗಿಯಿತು. ಒಂದು ಕಾಲಕ್ಕೆ ಊಟಕ್ಕೆ ಕೂರುತ್ತಿದ್ದ ಮಣೆಗಳು ಅವು. ಊಟ ಟೇಬಲ್ ಮೇಲೆ ಹೋದ ಮೇಲೆ ಕೆಲಸವಿಲ್ಲದೆ ಕೂತಿದ್ದವು, ಈಗ ಎಲ್ಲರ ಮನೆಯಲ್ಲೂ ಗ್ರೈಂಡರ್ ಮುಂದೆ, ಫ್ರಿಜ್ ಮುಂದೆ ಬಂದು ಬಿದ್ದಿದ್ದವು. ಬರಿಗಾಲಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ಮಣೆ ಹತ್ತಿ ನಿಂತರೆ ಅನ್ನುವುದಿಲ್ಲ. ಹೊಸದಾಗಿ ಬಂದ ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ತೋರಿಸುವಷ್ಟೇ ಸಲೀಸಾಗಿ ಅತ್ತೆಯಂದಿರು "ಮಣೆ ಮ್ಯಾಲೆ ನಿತ್ಕಂಡು ರುಬ್ಬಮ್ಮ" ಅಂತ ಹೇಳಿಕೊಡುತ್ತಿದ್ದರು. ಆಯಿತಲ್ಲ, ಇನ್ನೇನು ಬೇಕು!

"ಜುಮ್ ಅನ್ನೋದು ತಮಾಷೆ ಅಲ್ಲ ಕಣ್ರೀ," ಅಂತ ಗೌಸ್ ಗಂಟಲು ಹರಿದುಕೊಳ್ಳುತ್ತಿದ್ದ. "ಕರೆಂಟು ಭೂಮಿಗೆ ಹೋಗೋಕೆ ದಾರಿ ಹುಡುಕ್ತಾ ಐತೆ. ಹಿತ್ತಲಲ್ಲಿ ಗುಂಡಿ ತೋಡಿ, ಪೈಪ್ ಹೂತು, ಉಪ್ಪು ಇದ್ದಿಲು ಹಾಕಿ ಅರ್ಥಿಂಗ್ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಒಂದಿನ ನಿಮ್ಮ ಮೈಯೊಳಗೇ ದಾರಿ ಮಾಡ್ಕಂತದೆ."

"ಮಣೆ ಐತಲ್ಲ ಗೌಸಣ್ಣ," ಅನ್ನುತ್ತಿದ್ದರು. ನಕ್ಕು ಟೀ ಕೊಡುತ್ತಿದ್ದರು. ಬೆನ್ನ ಹಿಂದೆ ಅವನಿಗೆ ಮಣೆ ಗೌಸ್ ಅಂತ ಹೆಸರು ಬಿದ್ದಿರುವುದೂ ಅವನಿಗೆ ಗೊತ್ತಿತ್ತು. ಹೆಸರಿಟ್ಟರೆ ಇಡಲಿ, ಗುಂಡಿ ತೋಡಿಸಲಿ ಸಾಕು ಅಂದುಕೊಂಡಿದ್ದ. ಯಾರೂ ತೋಡಿಸಲಿಲ್ಲ. ಹೊಸ ಟೈಲ್ಸ್ ಹಾಕಿಸುತ್ತಾರೆ, ಪಿಒಪಿ ಸೀಲಿಂಗ್ ಮಾಡಿಸುತ್ತಾರೆ, ಮಣ್ಣೊಳಗೆ ಹೂತು ಕಣ್ಣಿಗೆ ಕಾಣದ ಪೈಪ್ ಅಂದ ಕೂಡಲೇ ಮುಖ ಆ ಕಡೆ ತಿರುಗಿಸುತ್ತಾರೆ.

ಆ ಬುಧವಾರ ಕುಬಟೂರಿನಿಂದ ತೀರ್ಥೇಶ ಫೋನ್ ಮಾಡಿದಾಗಲೂ ಗೌಸ್ ಮೊದಲು ಆಗಲ್ಲ ಅಂದ. ತೀರ್ಥೇಶ ಬಿಡಲಿಲ್ಲ. ಹೆಂಡತಿ ಸ್ಪಂದನಳಿಗೆ ಏಳು ತಿಂಗಳು, ಬಗ್ಗಿ ಬಟ್ಟೆ ಒಗೆಯಲು ಆಗುತ್ತಿಲ್ಲ, ವಾಷಿಂಗ್ ಮೆಷಿನ್ ತಂದಿದ್ದಾನೆ, ಬಚ್ಚಲಲ್ಲಿ ಒಂದು ಪ್ಲಗ್ ಪಾಯಿಂಟ್ ಆಗಬೇಕು. "ಜೊತಿಗೆ ಇನ್ನೊಂದು ಗೌಸಣ್ಣ. ಒಂದು ವಾರದಿಂದ ನಮ್ಮನ್ಯಾಗೆ ಮಾತ್ರ ಕರೆಂಟು ಹೋಗಿ ಹೋಗಿ ಬರ್ತೈತೆ. ಪಕ್ಕದ ಮನ್ಯಾಗೆ ಇರ್ತೈತೆ, ನಮಗಿಲ್ಲ. ಗಾಳಿ ಬಂದ್ರೆ ಲೈಟು ಮಿಣುಕ್ ಮಿಣುಕ್ ಅಂತೈತೆ."

"ಬಸುರಿ ಮನೆ, ಹೋಗಿ ಬನ್ನಿ," ಅಂದಳು ಹೆಂಡತಿ ಇಶ್ರತ್. "ಇದೊಂದೇ ಕೊನೆ ಅಂತ ಮಾತ್ರ ಹೇಳಬೇಡಿ, ಹೋದ ತಿಂಗಳೂ ಹಾಗೇ ಅಂದಿದ್ರಿ."

ಶಿರಾಳಕೊಪ್ಪದಲ್ಲಿ ಒಂದು ಬಸ್, ಆನವಟ್ಟಿಯಲ್ಲಿ ಇನ್ನೊಂದು. ಕುಬಟೂರಲ್ಲಿ ಇಳಿಯುವಷ್ಟರಲ್ಲಿ ಹತ್ತೂವರೆ ಬಿಸಿಲು. ತೀರ್ಥೇಶನ ತಾಯಿ ಹುಚ್ಚಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅರವತ್ತೈದು ದಾಟಿದ ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ.

"ಬರ್ರಿ ಗೌಸಣ್ಣ, ಬರ್ರಿ. ಏನ್ ಇಷ್ಟು ಸೊರಗಿಬಿಟ್ಟೀರಿ? ಮಗಳು ಚೆಂದಾಗಿ ಅದಾಳ?"

"ಅದಾಳೆ ಅಮ್ಮ. ಸೊರಬದಲ್ಲೇ."

ಒಳಗೆ ಹೋದವನು ಅಭ್ಯಾಸಬಲದಿಂದ ಅಡುಗೆಮನೆಗೆ ಇಣುಕಿದ. ಗ್ರೈಂಡರ್ ಇತ್ತು. ಫ್ರಿಜ್ ಇತ್ತು. ಮಣೆ ಇರಲಿಲ್ಲ! ಗೌಸ್‌ಗೆ ನಂಬಿಕೆ ಬರಲಿಲ್ಲ. ಬಾಗಿಲ ಹಿಂದೆ ನೋಡಿದ, ಕಟ್ಟೆಯ ಕೆಳಗೆ ನೋಡಿದ. ಎಲ್ಲೂ ಇಲ್ಲ. ಸ್ಪಂದನ ಬರಿಗಾಲಲ್ಲೇ ನಿಂತು ಫ್ರಿಜ್ ತೆಗೆದು ಅವನಿಗೆ ಮಜ್ಜಿಗೆ ಬಗ್ಗಿಸಿದಳು. ಏನೂ ಆಗಲಿಲ್ಲ.

"ಭೇಷ್!" ಅಂದ ಗೌಸ್. ಎಷ್ಟೋ ದಿನದ ಮೇಲೆ ಅವನ ಮುಖ ಅರಳಿತು. "ಈ ಕಡೆಯ ಹಳ್ಳಿ ಮನೆಗಳಲ್ಲಿ ಮಣೆ ಇಲ್ಲದ್ದು ಇದೇ ಮೊದಲು ಅಮ್ಮ. ನಿಮ್ಮನ್ನ ನೋಡಿ ಊರೆಲ್ಲ ಕಲೀಬೇಕು."

ಹುಚ್ಚಮ್ಮ ಬಾಗಿಲಿಗೆ ಒರಗಿ ಬೀಗಿದಳು. "ಮೊದ್ಲು ನಮ್ಮನ್ಯಾಗೂ ಜುಮ್ ಅಂತಿತ್ತು. ಆಮೇಲೆ ಸರಿ ಮಾಡಿಸಿದ್ವಿ. ಹನ್ನೆರಡು ವರ್ಷ ಆತು, ಒಂದಿನಾನೂ ಜುಮ್ ಅಂದಿಲ್ಲ. ಆ ಮಣೀನ ಅವತ್ತೇ ಒಲಿಗೆ ಹಾಕ್ದೆ."

ಮಜ್ಜಿಗೆ ಕುಡಿಯುತ್ತಾ ಗೌಸ್ ನೆಲ ನೋಡಿದ. ಫ್ರಿಜ್ಜಿನ ಕೆಳಗಿಂದ ನೀರು ಜಿನುಗಿ ಒಂದು ಮೂಲೆ ಒದ್ದೆಯಾಗಿತ್ತು. ಅಲ್ಲಿ ಹಾಲು ಇಡುವ ಒಂದು ಸಣ್ಣ ತಟ್ಟೆ ಖಾಲಿ ಬಿದ್ದಿತ್ತು.

"ನಮ್ಮ ಬೆಕ್ಕಿಂದು," ಅಂದಳು ಹುಚ್ಚಮ್ಮ, ದನಿ ಇಳಿಸಿ. "ಸೋಮವಾರ ಹೋತು ರೀ. ಅಲ್ಲೇ, ಆ ಒದ್ದೆ ಜಾಗದಾಗೆ ಸೆಟೆದು ಬಿದ್ದಿತ್ತು. ಕರೆಂಟ್ ಬೇರೆ ಹೋಗಿತ್ತು, ಕತ್ಲಾಗೆ ಹಾವು ಮುಟ್ಟಿರಬೇಕು ಅಂತ ಮನೆಯೆಲ್ಲ ಹುಡುಕಿದ್ವಿ. ಹಾವಿಲ್ಲ, ಹುಳ ಇಲ್ಲ. ನಾಕು ವರ್ಷ ಸಾಕಿದ್ದೆ."

ಗೌಸ್ ಲೋಟ ಕೆಳಗಿಟ್ಟ. ಹಾವಿಲ್ಲ, ಕರೆಂಟೂ ಇಲ್ಲ, ಬೆಕ್ಕು ಸೆಟೆದು ಬಿದ್ದಿದೆ. ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿದ, ಫ್ರಿಜ್ ಸರಿಸಿ ಅದರ ಹಿಂದಿನ ಪ್ಲಗ್ ಪಾಯಿಂಟಿನ ಸ್ಕ್ರೂ ಬಿಚ್ಚಿದ. ಮುಚ್ಚಳ ಕೈಗೆ ಬಂತು. ಒಳಗೆ ಬೆರಳುದ್ದದ ಒಂದು ಕೆಂಪು ವೈರಿನ ತುಂಡು ಕಂಡಿತು. ಅರ್ಥಿನ ಪಿನ್ನಿನಿಂದ ನ್ಯೂಟ್ರಲ್ ಪಿನ್ನಿಗೆ ನೀಟಾಗಿ ಬಿಗಿದಿತ್ತು.

ಅವನಿಗೆ ರೇಗಿಹೋಯಿತು. "ಯಾವ ಕತ್ತೆ ಮಾಡಿದ್ದು ಇದನ್ನ?" ಅಂತ ಕೂಗಿದ. "ಗುಂಡಿ ತೋಡೋಕೆ ಮೈಗಳ್ಳತನ, ಅದಕ್ಕೇ ಅರ್ಥ್ ವೈರನ್ನ ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿದ್ದಾನೆ! ಹಿಂಗೆ ಮಾಡಿದ್ರೆ ಜುಮ್ ಅನ್ನೋದು ನಿಲ್ತದೆ ಅಷ್ಟೇ. ಹೊರಗೆ ಕಂಬದ ಹತ್ರ, ಕರೆಂಟು ವಾಪಸ್ ಹೋಗೋ ಆ ನ್ಯೂಟ್ರಲ್ ವೈರು ಬಿಟ್ಟುಹೋದ್ರೆ ಏನಾಗ್ತದೆ ಗೊತ್ತಾ? ಲೈಟ್ ಆರಿ ಹೋಗ್ತದೆ, ನೀವೆಲ್ಲ ಕರೆಂಟ್ ಹೋತು ಅಂತೀರಿ. ಹೋಗಿರಲ್ಲ ಅಮ್ಮ! ಪೂರ್ತಿ ಕರೆಂಟು ಫ್ರಿಜ್ಜಿನ ಮೈಗೆ ಬಂದು ಕೂತಿರ್ತದೆ. ಬೆಕ್ಕನ್ನ ಹಾವಲ್ಲ ಕೊಂದಿದ್ದು. ಯಾವನವನು ವೈರ್‌ಮ್ಯಾನು? ಹೆಸರು ಹೇಳಿ, ಅವನ ಕೈ ಮುರೀತೀನಿ."

ಹುಚ್ಚಮ್ಮ ಬಾಗಿಲು ಬಿಟ್ಟು ಹತ್ತಿರ ಬಂದಳು.

"ನೀವೇ ಅಲ್ವೇನ್ರಿ ಗೌಸಣ್ಣ," ಅಂದಳು. "ನಮ್ಮ ಮಗಳು ಚೈತ್ರನ ಮದುವಿ ಮುಂದೆ ಗ್ರೈಂಡರ್ ತಂದಾಗ ನೀವೇ ಬಂದು ಈ ಪಾಯಿಂಟ್ ಮಾಡಿದ್ದು. ಹಿತ್ಲಾಗೆ ನೆಲ ಗಟ್ಟಿ ಐತೆ, ಸದ್ಯಕ್ಕೆ ಹಿಂಗಿರ್ಲಿ, ಮುಂದಿನ ವಾರ ಬಂದು ಗುಂಡಿ ತೋಡ್ತೀನಿ ಅಂದಿದ್ರಿ. ಆಮೇಲೆ ಜುಮ್ ಅನ್ನೋದೇ ನಿಂತೋತು. ನಾವೂ ಕೇಳ್ಲಿಲ್ಲ, ನೀವೂ ಬರ್ಲಿಲ್ಲ."

ಗೌಸ್ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ನೆನಪಾಯಿತು. ಅದು ಮದುವೆಗಳ ಕಾಲ, ದಿನಕ್ಕೆ ಮೂರು ಚಪ್ಪರಕ್ಕೆ ಲೈಟ್ ಕಟ್ಟುತ್ತಿದ್ದ ವರ್ಷ. ಹಾರೆ ಹಾಕಿದರೆ ಕಿಡಿ ಹಾರುವ ನೆಲ. ಆ ಕೆಂಪು ವೈರಿನ ತುಂಡನ್ನು ಚೀಲದ ತಳದಿಂದ ತಡಕಿ ತೆಗೆದದ್ದೂ ನೆನಪಾಯಿತು. ಮೂವತ್ತೊಂದು ವರ್ಷ ಊರೂರು ಸುತ್ತಿ ಜನಕ್ಕೆ ಬುದ್ಧಿ ಹೇಳಿದ್ದಾನಲ್ಲ ಮಹಾರಾಯ! ಮಣೆ ಇದ್ದ ಮನೆಯಲ್ಲಿ ಕೊನೇಪಕ್ಷ ಭಯವಾದರೂ ಇತ್ತು. ಇವನು ಇಲ್ಲಿ ಆ ಭಯವನ್ನೂ ಕಿತ್ತು ಒಲೆಗೆ ಹಾಕಿಸಿದ್ದ.

"ಸೋಮವಾರ ಕರೆಂಟ್ ಹೋದಾಗ ನಾನು ಫ್ರಿಜ್ಜಿಂದ ಹಾಲು ತೆಗಿಯೋಕೆ ಬರ್ತಿದ್ದೆ," ಅಂದಳು ಸ್ಪಂದನ ಮೆಲ್ಲಗೆ. ಕೈ ಹೊಟ್ಟೆಯ ಮೇಲಿತ್ತು. "ಅತ್ತೆ ದೀಪ ಹಚ್ಚು ಅಂತ ಕರೆದ್ರು, ಆ ಕಡೆ ಹೋದೆ."

ಗೌಸ್‌ಗೆ ಆ ಹುಡುಗಿಯ ಮುಖ ನೋಡಲು ಆಗಲಿಲ್ಲ.

"ತಪ್ಪು ನಂದು ಅಮ್ಮ," ಅಂದ. "ಬೆಕ್ಕು ಕೊಂದಿದ್ದೂ ನಾನೇ."

ಹುಚ್ಚಮ್ಮ ಹಿತ್ತಲಿಗೆ ಹೋಗಿ ಹಾರೆ, ಗುದ್ದಲಿ ತಂದು ಅವನ ಮುಂದಿಟ್ಟಳು. "ಮುಂದಿನ ವಾರ ಅಂದಿದ್ರಿ. ಇವತ್ತು ತೋಡ್ರಿ."

ಅವನು ಕೆಂಪು ವೈರಿನ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಕಂಬದ ವೈರು ನೋಡಿಸಲು ಲೈನ್‌ಮ್ಯಾನ್‌ಗೆ ಹೇಳಿ ಬಾ, ಬರುವಾಗ ಪೈಪು ತಾ ಅಂತ ಅಷ್ಟರಲ್ಲಿ ಮನೆಗೆ ಬಂದ ತೀರ್ಥೇಶನನ್ನು ಆನವಟ್ಟಿಗೆ ಅಟ್ಟಿದ. ಯಾರು ಏನೇ ಹೇಳಿದರೂ ಮೇನ್ ಹಾಕಬೇಡಿ ಅಂದ. ಹಿತ್ತಲಿಗೆ ಬಂದು ಹಾರೆ ಎತ್ತಿ ಹಾಕಿದ. ನೆಲ ಹನ್ನೆರಡು ವರ್ಷದ ಹಿಂದಿನಷ್ಟೇ ಗಟ್ಟಿಯಿತ್ತು, ಇವನು ಮಾತ್ರ ಅಷ್ಟು ಗಟ್ಟಿ ಇರಲಿಲ್ಲ. ಹತ್ತು ಏಟಿಗೆ ಏದುಸಿರು ಬಂತು.

ಹುಚ್ಚಮ್ಮ ಹಿತ್ತಲ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಕೊನೆಗೆ ಕೇಳಿದಳು: "ಅಲ್ರಿ, ಹಿಂಗೆ ಇನ್ಯಾರ ಮನ್ಯಾಗೆ ಮಾಡೀರಿ?"

ಹಾರೆ ನಿಂತಿತು. ಗೌಸ್ ಮನಸ್ಸಿನಲ್ಲೇ ಎಣಿಸಿದ. ಬಂದಳಿಕೆಯಲ್ಲಿ ಒಂದು ಮನೆ, ಅದನ್ನು ಕೆಡವಿ ಹೊಸದು ಕಟ್ಟಿದ್ದಾರೆ. ಶಿರಾಳಕೊಪ್ಪದಲ್ಲಿ ಒಂದು, ಅಲ್ಲಿ ಆಮೇಲೆ ಹೋಗಿ ಸರಿಮಾಡಿದ್ದ. ಆಮೇಲೆ...

ಹಾರೆ ಕೆಳಗೆ ಹಾಕಿ ಫೋನಿಗೆ ಜೇಬು ತಡಕಿದ.

ಸೊರಬ. ಅವನ ಒಬ್ಬಳೇ ಮಗಳು ಹುಮೇರಾ. ಮದುವೆಯಾಗಿ ಮೂರು ತಿಂಗಳಿಗೆ, "ಅಬ್ಬಾ, ಇಲ್ಲಿ ಗ್ರೈಂಡರ್ ಜುಮ್ ಅನ್ನುತ್ತೆ, ಭಯ ಆಗುತ್ತೆ" ಅಂದಿದ್ದಳು. ಒಂಬತ್ತು ವರ್ಷ ಆಯಿತು. ಹೋಗಿ ನೋಡಿದ್ದ. ಓಣಿಯ ಇಕ್ಕಟ್ಟಿನ ಮನೆ, ಹಿತ್ತಲಿಲ್ಲ, ಅಂಗಳದ ಹೊಸ ಕಡಪಾ ಕಲ್ಲು ಕಿತ್ತೇ ಗುಂಡಿ ತೋಡಬೇಕು. ಹೆಣ್ಣು ಕೊಟ್ಟವನು ಬೀಗರ ಮನೆಗೆ ಹೋಗಿ, ನಿಮ್ಮ ಅಂಗಳ ಒಡೀರಿ ಅಂತ ಯಾವ ಬಾಯಲ್ಲಿ ಹೇಳುವುದು? ಮಗಳನ್ನು ಕೊಟ್ಟು ಮೂರು ತಿಂಗಳಿಗೇ ಕೊಂಕು ತೆಗೆದ ಅನ್ನುವುದಿಲ್ಲವೇ? ಬೀಗತಿ ದಿಲ್ಶಾದ್ ಬೇಗಂ ಪಕ್ಕದಲ್ಲೇ ನಿಂತಿದ್ದಳು. ಗೌಸ್ ಮಾತು ನುಂಗಿಕೊಂಡು, ಜೇಬಿನಿಂದ ಒಂದು ವೈರಿನ ತುಂಡು ತೆಗೆದಿದ್ದ.

ಮಣ್ಣಿನ ಕೈಯಲ್ಲೇ ಫೋನ್ ಹಚ್ಚಿದ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದ. ಎತ್ತಲಿಲ್ಲ. ಹುಚ್ಚಮ್ಮ ಎದ್ದು ಹತ್ತಿರ ಬಂದಳು. ಯಾ ಅಲ್ಲಾ, ಎತ್ತು ತಾಯಿ, ಎತ್ತು.

ಮೂರನೇ ಸಲಕ್ಕೆ ಎತ್ತಿದಳು. "ಏನಬ್ಬಾ? ಮಿಕ್ಸಿ ಹಾಕಿದ್ದೆ, ಕೇಳಿಸಲಿಲ್ಲ."

ಗೌಸ್‌ಗೆ ಕ್ಷೇಮ ಕೇಳಲೂ ಪುರುಸೊತ್ತಿರಲಿಲ್ಲ. "ಮೇನ್ ಸ್ವಿಚ್ ಆಫ್ ಮಾಡು ಬೇಟಿ. ಚಪ್ಪಲಿ ಹಾಕ್ಕೊಂಡು ಹೋಗು. ಫ್ರಿಜ್, ಗ್ರೈಂಡರ್ ಏನನ್ನೂ ಮುಟ್ಟಬೇಡ. ಮಕ್ಕಳನ್ನ ಹೊರಗೆ ಕೂರಿಸು. ಮಾಡಿಬಿಟ್ಟು ನನಗೆ ಹೇಳು, ಫೋನ್ ಇಡಬೇಡ."

ಹೆಜ್ಜೆ ಸಪ್ಪಳ ಕೇಳಿಸಿತು. ಆಮೇಲೆ ಟಕ್ ಅಂದಿತು. "ಮಾಡಿದೆ. ಯಾಕಬ್ಬಾ, ಏನಾಯ್ತು? ನಮ್ಮನೇಲಿ ಒಂದಿನಾನೂ ಜುಮ್ ಅಂದಿಲ್ಲ. ಪಕ್ಕದವರಿಗೆಲ್ಲ ಹೇಳ್ತಿರ್ತೀನಿ, ನಮ್ಮ ಅಬ್ಬಾ ಮಾಡಿದ ಕೆಲಸ ಅಂತ."

ಗೌಸ್ ಗೋಡೆಗೆ ಒರಗಿದ. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಮಣ್ಣಾಯಿತು. "ಇನ್ಮೇಲೆ ಹೇಳಬೇಡ," ಅಂದ. "ನಿಮ್ಮ ಅತ್ತೆಗೆ ಫೋನ್ ಕೊಡು."

ದಿಲ್ಶಾದ್ ಬೇಗಂ ಬಂದಳು. ಸಲಾಮು, ಕ್ಷೇಮ ಸಮಾಚಾರ ಎಲ್ಲ ಮುಗಿಯುವವರೆಗೂ ಗೌಸ್ ಕಾದ. ಒಂಬತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಆಮೇಲೆ ಒಂದೇ ಉಸಿರಿಗೆ ಹೇಳಿದ. "ಆಪಾ, ನಿಮ್ಮ ಅಂಗಳದ ಕಲ್ಲು ಕೀಳಬೇಕು. ಅವತ್ತು ನಾನು ಮಾಡಿದ್ದು ತಪ್ಪು ಕೆಲಸ. ಗುಂಡಿ ತೋಡಲೇಬೇಕು, ಇಲ್ಲಾಂದ್ರೆ ಜೀವಕ್ಕೆ ಅಪಾಯ."

ಕೊಂಕು ಮಾತು ಈಗ ಬಂತು ಅಂದುಕೊಂಡ.

"ಕೀಳಿ ಭಾಯಿ, ಅದಕ್ಕೇನು?" ಅಂದಳು ದಿಲ್ಶಾದ್ ಬೇಗಂ. "ಕಲ್ಲು ತಾನೇ? ಅವತ್ತೇ ಒಂದು ಮಾತು ಹೇಳಿದ್ರೆ ಅವತ್ತೇ ಕೀಳಿಸ್ತಿದ್ದೆ. ಹುಮೇರಾ ನಿಮಗೊಬ್ಬರಿಗೇ ಮಗಳಾ?"

ಗೌಸ್ ಫೋನ್ ಇಟ್ಟು, ಅರ್ಧ ಅಡಿಯೂ ಆಗದ ಗುಂಡಿಯನ್ನು ನೋಡುತ್ತಾ ನಿಂತ. ಅಷ್ಟು ಸುಲಭವಿತ್ತು. ಒಂದು ಮಾತಿನಷ್ಟು ಸುಲಭ.

"ಹೋಗ್ರಿ," ಅಂದಳು ಹುಚ್ಚಮ್ಮ. ಆ ಕಡೆಯ ಮಾತು ಕೇಳಿಸದಿದ್ದರೂ ಅವಳಿಗೆ ಎಲ್ಲ ತಿಳಿದಿತ್ತು. "ಮೊದ್ಲು ಮಗಳ ಮನಿಗೆ ಹೋಗ್ರಿ. ತೀರ್ಥೇಶ ಬಂದು ತೋಡ್ತಿರ್ತಾನೆ. ನಾವು ದೀಪ ಹಚ್ಕಂಡಿರ್ತೀವಿ."

ಗೌಸ್ ಟೆಸ್ಟರ್, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ಮಾತ್ರ ಜೇಬಿಗೆ ಹಾಕಿಕೊಂಡು, ಮೂವತ್ತೊಂದು ವರ್ಷ ಹೆಗಲಿಂದ ಇಳಿಸದ ಚೀಲವನ್ನು ಅವಳ ಜಗಲಿಯ ಮೇಲೆ ಬಿಟ್ಟ. ಅಂಗಳ ದಾಟಿ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಹುಚ್ಚಮ್ಮನ ದನಿ ಬಂತು.

"ಗೌಸಣ್ಣ, ಮತ್ತೆ ಯಾವಾಗ ಬರ್ತೀರಿ? ಮುಂದಿನ ವಾರ ಅಲ್ವಲ್ಲ?"

"ಇವತ್ತೇ ಸಂಜೆಗೆ ಅಮ್ಮ," ಅಂದ ಗೌಸ್. ಮಂಡಿ ನೋಯುತ್ತಿತ್ತು, ಸೊರಬದ ಬಸ್ಸಿನ ಹಾರನ್ ಕೇಳಿಸಿತು, ಓಡಿದ.